ಹಾಜರಿ ಕೇಳುವ ಪೆಟ್ಟಿಗೆ

ಭಯಕ್ಕೆಲ್ಲ ಮೂಲ ಅಜ್ಞಾನ ಎಂದು ದೊಡ್ಡವರು ಹೇಳಿದ್ದಾರೆ. ಹೇಳುವಾಗ ಅವರ ಎದುರಿಗೆ ನೆಟ್‌ವರ್ಕ್ ಸ್ವಿಚ್ ಇರಲಿಲ್ಲವೆಂದು ಕಾಣುತ್ತದೆ. ಆ ಪೆಟ್ಟಿಗೆಯ ವಿಷಯದಲ್ಲಿ ಸಂಪೂರ್ಣ ಅಜ್ಞಾನಿಯಾಗಿದ್ದಷ್ಟು ದಿನ ನಾನು ಅದರ ಮೇಲೆ ಊಟದ ಡಬ್ಬಿ ಇಟ್ಟು ನಿರ್ಭಯನಾಗಿದ್ದೆ, ಅನ್ನ ಬೆಚ್ಚಗಿರುತ್ತಿತ್ತು. ಕೈಪಿಡಿ ಓದಿ ನಾಲ್ಕಕ್ಷರ ಅರ್ಥವಾದ ದಿನದಿಂದ ಡಬ್ಬಿಯನ್ನು ದೂರದ ಕಿಟಕಿಯಲ್ಲಿಟ್ಟು ತಣ್ಣನೆಯ ಅನ್ನ ಉಣ್ಣತೊಡಗಿದೆ. ನಮ್ಮ ಕಡೆ ಆನೆಗೆ ಹೆದರುವವನನ್ನು ಕಂಡು ಯಾರೂ ನಗುವುದಿಲ್ಲ. ನಾನೂ ಎರಡು ಸಲ ಆನೆಯೆದುರು ಸಿಕ್ಕಿ, ಚಪ್ಪಲಿ ಬಿಟ್ಟು ಓಡಿದವನೇ. ಆದರೆ ಆನೆಗೊಂದು ಸೌಜನ್ಯ ಉಂಟು, ಬರುವ ಮೊದಲು ಬಿದಿರು ಮುರಿದು ಸುದ್ದಿ ಕೊಡುತ್ತದೆ. ಈ ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತ ಸುಮ್ಮನೆ ಕೂತಿರುತ್ತದೆ.

ನಾನು ಮೂಲತಃ ಎಸ್ಟೇಟ್ ರೈಟರ್. ಆಲೂರು ಕಡೆಯ ತೋಟವೊಂದರಲ್ಲಿ ಹತ್ತೊಂಬತ್ತು ವರ್ಷ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆದೆ. ಬೆಳಿಗ್ಗೆ ಹೆಸರು ಕೂಗಿ ಪೆನ್ಸಿಲ್ಲಿನಲ್ಲಿ ಗುರುತು ಹಾಕುವುದು, ಸಂಜೆ ಮೇಸ್ತ್ರಿಯನ್ನು ಕೇಳಿ ಖಾತ್ರಿಯಾದ ಮೇಲೆ ಇಂಕಿನಲ್ಲಿ ತಿದ್ದುವುದು. ಈ ಕ್ರಮವನ್ನು ಒಂದು ದಿನವೂ ಮೀರಿದವನಲ್ಲ. ಈಗ ಸಕಲೇಶಪುರದ ಹತ್ತಿರ, ಕಾಫಿ ಹಣ್ಣು ತೂಗಿ ಪಲ್ಪ್ ಮಾಡುವ, ಅಂದರೆ ಸಿಪ್ಪೆ ಬಿಡಿಸುವ ಕಡೆ ಆಫೀಸು ನೋಡಿಕೊಳ್ಳುತ್ತೇನೆ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆದು ತೆಗೆದ ತಪ್ಪಿಗೆ, ಕಂಪ್ಯೂಟರಿಗೆ ಸಂಬಂಧಪಟ್ಟ ಸಮಸ್ತ ಜವಾಬ್ದಾರಿಯೂ ನನ್ನ ತಲೆಗೆ ಬಂತು.

ಸಂಕಟ ಶುರುವಾದದ್ದು ಪಂಪ್‌ಸೆಟ್ ಮಾರುವವನೊಬ್ಬನಿಂದ. ನಮ್ಮ ಬೆಂಚಿನ ಮೇಲೆ ಕಾಯುತ್ತಿದ್ದ ಆ ಮನುಷ್ಯ ಗೋಡೆಯಲ್ಲಿದ್ದ ತಂತಿಯನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿಕೊಂಡು ಏನೋ ಒತ್ತಿದ. ಸಾಹುಕಾರ್ ಧರ್ಮಪ್ಪನವರ ಕೋಣೆಯ ಪ್ರಿಂಟರಿನಿಂದ ಪಂಪಿನ ಚಿತ್ರಗಳು ಸಾಲಾಗಿ ಹೊರಬಿದ್ದವು. ಸಾಹುಕಾರರು ಒಂದು ಹಾಳೆ ಹಿಡಿದುಕೊಂಡು ಹೊರಗೆ ಬಂದರು. "ರೈಟ್ರೇ, ಇವತ್ತು ಪಂಪ್ ಬಂತು. ನಾಳೆ ಇನ್ನೊಬ್ಬ ಅದೇ ತಂತೀಲಿ ವೇಬ್ರಿಡ್ಜ್ ತೂಕಕ್ಕೇ ಕೈ ಹಾಕ್ಬುಟ್ರೆ? ಬಂದೋರೆಲ್ಲ ಒಳಗೆ ನುಗ್ಗೋಕೆ ಇದೇನ್ ಛತ್ರವಾ?" ಎಂದರು. ಹಾಸನದ ಅಂಗಡಿಯಿಂದ, ಆಫೀಸಿನ ಕಂಪ್ಯೂಟರ್ ತಂತಿಗಳೆಲ್ಲ ಬಂದು ಸೇರುವ, ಇಪ್ಪತ್ತನಾಲ್ಕು ಪೋರ್ಟುಗಳ, ಅಂದರೆ ತೂತುಗಳ, ಹೊಸ ಸ್ವಿಚ್ ಬಂತು. ಜೊತೆಗೆ ಕೈಪಿಡಿ. ಅದರಲ್ಲಿದ್ದ ವಿಧಾನದ ಹೆಸರು ಎಂಟುನೂರ ಎರಡು, ಚುಕ್ಕೆ, ಒಂದು, ಎಕ್ಸ್. ವ್ಯಾಜ್ಯದಲ್ಲಿರುವ ಜಮೀನಿನ ಸರ್ವೆ ನಂಬರಿನಂತಿದ್ದ ಅದನ್ನು ನೋಡಿಯೇ ನಾನು ಕೈಪಿಡಿಯನ್ನು ಒಮ್ಮೆ ಮುಚ್ಚಿಟ್ಟೆ.

ಮೂರು ದಿನ ಓದಿದೆ. ಮೂರನೆಯ ದಿನ ಇದು ನಮ್ಮ ಚೆಕ್‌ರೋಲೇ ಎಂದು ಹೊಳೆಯಿತು. ತಂತಿ ಚುಚ್ಚಿದವನ ಹೆಸರು, ಗುಟ್ಟಿನ ಪದ ಎರಡನ್ನೂ ಪೆಟ್ಟಿಗೆ ಕೇಳುತ್ತದೆ. ಪಟ್ಟಿಯಲ್ಲಿದ್ದರೆ ಒಳಗೆ, ಇಲ್ಲದಿದ್ದರೆ ಗೇಟಿನ ಹೊರಗೆ. ಒಳಗೆ ಬಂದವರನ್ನೂ ಒಂದೇ ಕಡೆ ಗುಂಪು ಕಟ್ಟಲು ಬಿಡದೆ, ಹಣ್ಣು ಬಿಡಿಸುವ ಗ್ಯಾಂಗ್ ಬೇರೆ, ಚಿಗುರು ತೆಗೆಯುವ ಗ್ಯಾಂಗ್ ಬೇರೆ ಎಂದು ಹಂಚುತ್ತದೆ. ಒಂದು ಗ್ಯಾಂಗಿನವರು ಇನ್ನೊಂದರ ಕಡೆ ಇಣುಕುವಂತಿಲ್ಲ. ಈ ಗ್ಯಾಂಗಿಗೇ ವಿ-ಲ್ಯಾನ್ ಎಂದು ಹೆಸರು. ಲಾರಿ ತೂಗುವ ವೇಬ್ರಿಡ್ಜಿನಂಥ ಬಾಯಿಲ್ಲದ ಯಂತ್ರಗಳು ಹೆಸರು ಹೇಳಲಾರವು. ಅವು ಬಾಗಿಲು ತಟ್ಟಿದಾಗ ಮೈಮೇಲಿನ ನಂಬರು ಕಾಣುತ್ತದೆ, ಅದನ್ನು ನಾವೇ ಪಟ್ಟಿಗೆ ಸೇರಿಸಬೇಕು. ಅಷ್ಟು ತಿಳಿದು ಸುಮ್ಮನಿದ್ದರೆ ಆಗುತ್ತಿತ್ತು. ನಾನು ಇನ್ನೊಂದು ಬಂದೋಬಸ್ತನ್ನೂ ಮಾಡಿದೆ: ಪೆಟ್ಟಿಗೆಯೊಳಗೆ ಕೈಹಾಕಿ ತಿದ್ದುವ ಅಧಿಕಾರ ರೈಟರಿಗೆ ಮಾತ್ರ, ಬೇರೆ ಯಾವ ಗ್ಯಾಂಗಿಗೂ ಇಲ್ಲ.

ಮರುದಿನ ಹತ್ತು ಗಂಟೆಗೆ, ದೇವರ ಪಟಕ್ಕೆ ಕೈಮುಗಿದು, ಹಾಜರಿ ಶುರು ಎಂಬ ಆಜ್ಞೆ ಒತ್ತಿದೆ. ಸಾಹುಕಾರರ ದೀಪ ಹಸಿರಾಯಿತು. ಬಿಲ್ ಬರೆಯುವ ಜಯಮ್ಮನ ದೀಪವೂ ಹಸಿರಾಯಿತು. ವೇಬ್ರಿಡ್ಜಿನದು ನಿರೀಕ್ಷೆಯಂತೆ ಕೆಂಪಾಯಿತು. ಅದರ ನಂಬರು ಸೇರಿಸೋಣವೆಂದು ನನ್ನ ಕಂಪ್ಯೂಟರಿಗೆ ತಿರುಗಿದರೆ ಅದು ನನ್ನನ್ನೇ ಕೇಳಿತು: ನಿನ್ನ ಹೆಸರೇನು? ಹೇಳಿದೆ. ಪಟ್ಟಿಯಲ್ಲಿಲ್ಲ ಎಂದಿತು. ಇನ್ನೊಮ್ಮೆ ಹೇಳಿದೆ, ಇನಿಷಿಯಲ್ ಸಮೇತ. ಇಲ್ಲ.

ಆಗ ನೆನಪಾಯಿತು. ಚೆಕ್‌ರೋಲಿನಲ್ಲಿ ರೈಟರ್ ತನ್ನ ಹೆಸರು ಬರೆದುಕೊಳ್ಳುವ ಪದ್ಧತಿ ಇಲ್ಲ. ಹತ್ತೊಂಬತ್ತು ವರ್ಷದ ಕೈ ಎಲ್ಲರ ಹೆಸರನ್ನೂ ಬರೆದು, ತನ್ನದನ್ನು ಬಿಟ್ಟು, ಅಡಿಗೆರೆ ಎಳೆದಿತ್ತು.

ಅಷ್ಟರಲ್ಲಿ ಹೊರಗೆ ಹಾರನ್ ಕೇಳಿಸಿತು. ಹೆಗ್ಗದ್ದೆಯಿಂದ ಹಣ್ಣಿನ ಲಾರಿ. ಡ್ರೈವರ್ ರಫೀಕ್ ಕಿಟಕಿಯಲ್ಲಿ ತಲೆ ಹಾಕಿದ. "ರೈಟ್ರೇ, ಗಾಡಿ ತೂಕಕ್ಕೆ ಹತ್ತಿಸ್ದೆ, ಚೀಟಿ ಬರ್ತಿಲ್ವಲ್ಲ? ನಿನ್ನೆ ಬಿಡಿಸಿದ್ ಹಣ್ಣು ಕಣ್ರೀ, ಆಗ್ಲೇ ಬಿಸಿ ಹತ್ತೈತೆ. ಮಧ್ಯಾಹ್ನದೊಳಗೆ ಪಲ್ಪರ್‌ಗೆ ಹಾಕ್ದಿದ್ರೆ ಹುಳಿ ಬಂದ್ಬುಡ್ತದೆ."

"ಐದೇ ನಿಮಿಷ" ಎಂದೆ. ಅಳುವುದಕ್ಕೆ ಅಷ್ಟು ಸಾಕೆನಿಸಿತ್ತು.

"ಕೈಯಲ್ಲಿ ಬರ್ಕೊಡಿ ಮಾರಾಯ್ರೇ."

ಕೈಚೀಟಿಗೆ ಗೇಟು ತೆಗೆಯಬಾರದೆಂಬುದು ಸಾಹುಕಾರರ ಕಟ್ಟಪ್ಪಣೆ. ಅಪ್ಪಣೆಯನ್ನು ಟೈಪು ಮಾಡಿ ಗೇಟಿಗೆ ಅಂಟಿಸಿದವನು ನಾನೇ. ಜಯಮ್ಮ ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದಳು. "ಏನಣ್ಣ, ಊರೋರಿಗೆಲ್ಲ ಬೀಗ ಹಾಕಿ, ಕೀಲಿಕೈ ಒಳಗೇ ಬುಟ್ಟು ನೀವ್ ಹೊರಗೆ ನಿಂತ್ಕಂಡ್ರಾ?"

ಇಷ್ಟು ನಿಖರವಾದ ತಾಂತ್ರಿಕ ವರದಿಯನ್ನು ಕೈಪಿಡಿಯಲ್ಲೂ ನಾನು ಓದಿರಲಿಲ್ಲ. ಹಾಸನದ ಅಂಗಡಿಯವನಿಗೆ ಫೋನು ಮಾಡಿದೆ. ಅವನು ಒಂದೇ ಪ್ರಶ್ನೆ ಕೇಳಿದ: "ಸೇವ್ ಮಾಡಿದೀರಾ ಸಾರ್? ಮಾಡಿಲ್ದಿದ್ರೆ ಕರೆಂಟ್ ಕಿತ್ತು ಹಾಕಿ, ಎಲ್ಲ ಮೊದಲಿನ ಥರ ಆಗ್ತದೆ. ಮಾಡಿದ್ರೆ ಬೀಗ ತೆಗೆಯೋ ವೈರ್ ತಗೊಂಡ್ ನಾನೇ ಬರ್ಬೇಕು. ನಾಳೆ ಸಂಜೆ ಆಗ್ತದೆ."

ಸೇವ್ ಮಾಡಿದ್ದೆನೇ? ನೆನಪಾಗಲಿಲ್ಲ. ಮನುಷ್ಯನಿಗೆ ಹೆದರಿಕೆಯಾದಾಗ ಮೊದಲು ಹೋಗುವುದು ಕಾಲಿನ ಬಲ ಎನ್ನುತ್ತಾರೆ. ನನಗೆ ಮೊದಲು ಹೋದದ್ದು ಹತ್ತು ನಿಮಿಷದ ಹಿಂದಿನ ನೆನಪು. ಸೇವ್ ಆಗಿದ್ದರೆ ನಾಳೆ ಸಂಜೆಯ ಹೊತ್ತಿಗೆ ಹೆಗ್ಗದ್ದೆಯ ಹಣ್ಣು ಗೊಬ್ಬರದ ಗುಂಡಿಗೆ, ನಾನು ಅದರ ಹಿಂದೆಯೇ. ರಫೀಕ್ ಟಾರ್ಪಾಲು ಸರಿಸಿ ಹಣ್ಣಿನೊಳಗೆ ಮೊಣಕೈವರೆಗೆ ಕೈ ತೂರಿಸಿ ನೋಡುತ್ತಿದ್ದ. ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಸಾಹುಕಾರರ ಕೋಣೆಯಿಂದ "ಏನ್ರೀ ಅದು ಹಾರನ್ನು?" ಎಂಬ ಧ್ವನಿ ಬಂತು. ನಾನು ಕಣ್ಣು ಮುಚ್ಚಿ ಪ್ಲಗ್ ಕಿತ್ತೆ.

ಎಲ್ಲ ದೀಪಗಳೂ ಒಟ್ಟಿಗೆ ಸತ್ತವು. ಹತ್ತು ಎಣಿಸಿ ಮತ್ತೆ ಚುಚ್ಚಿದೆ. ಪೆಟ್ಟಿಗೆ ಎರಡು ನಿಮಿಷ ಯೋಚನೆ ಮಾಡಿತು. ಆ ಎರಡು ನಿಮಿಷದಲ್ಲಿ, ನಾನು ಹೊತ್ತು ತೀರಿಸದೆ ಬಿಟ್ಟ ಹರಕೆಗಳೆಲ್ಲ ಸಾಲಾಗಿ ಕಣ್ಮುಂದೆ ನಿಂತವು. ಅವುಗಳಲ್ಲಿ ಮೂರನ್ನು ನಿಜವಾಗಿಯೂ ತೀರಿಸುತ್ತೇನೆಂದು ಒಪ್ಪಿಕೊಂಡೆ. ಆಮೇಲೆ ಒಂದು ಹಸಿರು ದೀಪ. ಮತ್ತೊಂದು. ಕೊನೆಗೆ ವೇಬ್ರಿಡ್ಜಿನದು. ಜಯಮ್ಮನ ಪ್ರಿಂಟರು ಕರಕರ ಎಂದು ರಫೀಕನ ಚೀಟಿ ಕಕ್ಕಿತು. ನಾನು ಸೇವ್ ಮಾಡಿರಲಿಲ್ಲ. ಬೆಳಿಗ್ಗೆ ಪೆನ್ಸಿಲ್ಲು, ಸಂಜೆ ಇಂಕು. ಹೆಸರು ಮರೆಸಿದ ಅಭ್ಯಾಸವೇ ಇನ್ನೊಂದು ಕೈಯಿಂದ ನನ್ನನ್ನು ಎತ್ತಿತ್ತು.

ಲಾರಿ ಪಲ್ಪರ್ ಕಡೆ ಹೊರಟಾಗ ರಫೀಕ್ ಕೂಗಿದ: "ಹೆಂಗ್ ಮಾಡಿದ್ರಿ ರೈಟ್ರೇ?"

"ಅದಕ್ಕೊಂದು ವಿಧಾನ ಇದೆ" ಎಂದೆ, ಗಂಭೀರವಾಗಿ.

"ಪ್ಲಗ್ ಕೀಳೋದು" ಎಂದಳು ಜಯಮ್ಮ.

ಭಾನುವಾರ, ಪಲ್ಪರ್ ನಿಂತಿದ್ದಾಗ, ಮೊದಲು ವೇಬ್ರಿಡ್ಜಿನ ನಂಬರು ಸೇರಿಸಿ, ಎಲ್ಲವನ್ನೂ ಪುನಃ ಮಾಡಿ, ಸಂಜೆ ಇಂಕಿನಲ್ಲಿ ತಿದ್ದಿದೆ, ಅಂದರೆ ಸೇವ್ ಒತ್ತಿದೆ. ಸಾಹುಕಾರರು ಬಂದು ನೋಡಿ, "ಇನ್ಮೇಲೆ ಒಬ್ಬನೂ ಒಳಗೆ ಬರೋ ಹಂಗಿಲ್ಲ ತಾನೆ?" ಎಂದು ಕೇಳಿದರು. ಇಲ್ಲ ಎಂದೆ. ಸ್ವಿಚ್‌ನಲ್ಲಿ ಇಪ್ಪತ್ತನಾಲ್ಕು ಪೋರ್ಟುಗಳಿವೆ. ಇಪ್ಪತ್ತಮೂರು ಈಗ ಹಾಜರಿ ಕೇಳುತ್ತವೆ. ಇಪ್ಪತ್ತನಾಲ್ಕನೆಯದು ನನ್ನ ಮೇಜಿನದು; ಅದು ಯಾರನ್ನೂ ಏನನ್ನೂ ಕೇಳುವುದಿಲ್ಲ.