ಕಡಲದಂಡೆಗೆ ಒಯ್ದ ಇಬ್ಬರ ಬುತ್ತಿ

ಒಬ್ಬರಿಗಷ್ಟೇ ಅಡಿಗೆ ಮಾಡುವ ವಿದ್ಯೆ ನನಗೆ ಇನ್ನೂ ಕೈವಶವಾಗಿಲ್ಲ. ಐವತ್ತು ದಾಟಿದ, ಸ್ವಂತ ಒಲೆಯಿರುವ ಹೆಂಗಸು ಇದನ್ನು ಬಾಯಿಬಿಟ್ಟು ಹೇಳಬಾರದು. ಆದರೂ ನಿಮ್ಮ ಮುಂದೆ ಏನು ಮುಚ್ಚುಮರೆ. ಬೇಳೆ ಎಷ್ಟು ಕಡಿಮೆ ಹಾಕಿದರೂ ಸಾರು ಇಬ್ಬರಿಗಾಗುವಷ್ಟು ಆಗಿಯೇ ತೀರುತ್ತದೆ. ಒಂದು ರೊಟ್ಟಿಗೆಂದು ಹಿಟ್ಟು ನಾದಲು ಕೂತರೆ, ಕೈಗೇ ಅವಮಾನವಾದಂತಾಗಿ ಅದು ಇನ್ನೊಂದು ಹಿಡಿ ಹಿಟ್ಟನ್ನು ತಾನಾಗಿ ಎಳೆದುಕೊಳ್ಳುತ್ತದೆ. ಬೆಟಗೇರಿಯ ಸಂತೆಯಲ್ಲಿ ಒಮ್ಮೆ ಧೈರ್ಯ ಮಾಡಿ ಒಂದೇ ಒಂದು ಬದನೆಕಾಯಿ ಆರಿಸಿಕೊಂಡೆ. ಕಾಯಿಪಲ್ಲೆಯ ಮುದುಕಿ ನನ್ನನ್ನೂ ಬದನೆಕಾಯಿಯನ್ನೂ ನೋಡಿ, "ಒಂದ ತಗೊಂಡು ಏನ್ ಮಾಡ್ತಿಯವಾ, ಬಾಗಲಕ್ಕ ಕಟ್ಟಾಕೇನು?" ಎಂದು ಕೇಳಿದಳು. ನಾನು ತೆಪ್ಪಗೆ ಅರ್ಧ ಕಿಲೋ ತಂದೆ. ನಾಲ್ಕು ದಿನ ಬದನೆಕಾಯಿ ತಿಂದೆ. ನನಗೆ ಮದುವೆಯಾಗಿಲ್ಲ. ಅದರ ಹಿಂದೆ ಏನೋ ದೊಡ್ಡ ಕಥೆಯಿದೆ ಎಂದು ಓಣಿಯ ಜನ ನಂಬಿದ್ದಾರೆ, ಪಾಪ, ಇಲ್ಲ. ಮೊದಲು ಬಂದ ವರಗಳು ನನ್ನನ್ನು ಒಲ್ಲೆ ಎಂದರು, ಆಮೇಲೆ ಬಂದವರನ್ನು ನಾನು ಒಲ್ಲೆ ಎಂದೆ, ಅದರ ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ.

ಅಡಿಗೆಯದು ಹೋಗಲಿ, ಕಷ್ಟವಿರುವುದು ಉಣ್ಣುವುದರಲ್ಲಿ. ನಮ್ಮ ಕಡೆ ತಾಟಿನ ಮುಂದೆ ಕೂತವರು, ತೆರೆದ ಬಾಗಿಲಿನೆದುರು ಯಾರಾದರೂ ಹಾದುಹೋದರೆ, "ಬರ್ರಿ ಊಟಕ್ಕ" ಎನ್ನದೆ ತುತ್ತು ಎತ್ತುವುದಿಲ್ಲ. ಹಾದುಹೋಗುವವರು, "ಆತು, ನೀವ್ ಮಾಡ್ರಿ, ನಮ್ದು ಆಗೇತಿ" ಎನ್ನಬೇಕು. ಆಗಿರುವುದಿಲ್ಲ, ಅದು ಕರೆದವರಿಗೂ ಗೊತ್ತು. ಖರೆ ಕರೆಯುವವರು ಅಷ್ಟಕ್ಕೇ ಬಿಡುವುದಿಲ್ಲ. ಎದ್ದು ಬಂದು ಕೈ ಹಿಡಿದು, ಎರಡು ಸಲ, ಮೂರು ಸಲ ಎಳೆಯುತ್ತಾರೆ. ಹಾಗೆ ಎಳೆಸಿಕೊಳ್ಳದೆ ಒಳಗೆ ಬಂದವರು ನಮ್ಮ ಬಳಗದ ಇತಿಹಾಸದಲ್ಲಿ ಒಬ್ಬರೇ. ನಾನು ಸಣ್ಣವಳಿದ್ದಾಗ ಡೋಣಿ ಎಂಬ ಹಳ್ಳಿಯಲ್ಲಿ ನಮ್ಮ ಸೋದರಮಾವ ಕಟ್ಟೆಯ ಮೇಲೆ ಊಟಕ್ಕೆ ಕೂತಿದ್ದ. ಕಪ್ಪತಗುಡ್ಡ ನೋಡಲು ಎಲ್ಲಿಂದಲೋ ಬಂದಿದ್ದ ಒಬ್ಬರು ಪ್ಯಾಂಟಿನ ಸಾಹೇಬರು ಹಾದುಹೋದರು. ಮಾವ ರೂಢಿಯ ಪ್ರಕಾರ ಕರೆದ. ಸಾಹೇಬರು "ಬಹಳ ಸಂತೋಷ" ಎಂದು ಬೂಟು ಕಳಚಿ, ಕೈ ತೊಳೆದು, ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿಬಿಟ್ಟರು. ಅತ್ತೆ ಅವತ್ತು ಉಪವಾಸ ಬಿದ್ದಳು. ಇಂದಿಗೂ ನಮ್ಮ ಮನೆತನದಲ್ಲಿ ಯಾರಾದರೂ ಸೂಕ್ಷ್ಮ ತಿಳಿಯದೆ ನಡೆದುಕೊಂಡರೆ "ಕರದ್ರ ಬಂದಾಂವ" ಎಂದು ಬೈಯುತ್ತಾರೆ.

ನಾನೂ ದಿನಾ ಬಾಗಿಲಿಗೆ ಎದುರಾಗಿಯೇ ಕೂತು ಉಣ್ಣುತ್ತೇನೆ. ಕರೆಯುವುದಕ್ಕಾದರೂ ಒಬ್ಬರು ಬೇಕಲ್ಲ. ನೀಲಕ್ಕ ಎದುರು ಮನೆಯಲ್ಲಿದ್ದಾಗ ಈ ತೊಂದರೆ ಇರಲಿಲ್ಲ. ಆಕೆಯನ್ನು ಕರೆಯಲೇ ಬೇಕಿರಲಿಲ್ಲ, ತನ್ನ ತಾಟು ತಾನೇ ಹಿಡಿದುಕೊಂಡು ಬರುತ್ತಿದ್ದಳು. ಆಕೆ ಶಾಲೆಯ ಟೀಚರು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಬೆಳಿಗ್ಗೆ ಕೆರೆಯ ದಂಡೆಗುಂಟ ನಡಿಗೆ, ರಾತ್ರಿ ನನ್ನ ಪಡಸಾಲೆಯಲ್ಲಿ ಊಟ, ನಡುವೆ ಆಕೆಗೆ ಶಾಲೆ, ನನಗೆ ಗದಗಿನ ಕಚೇರಿಯ ಟಪಾಲು. ಹೋದ ವರ್ಷ ಆಕೆಗೆ ಶಿರಹಟ್ಟಿಗೆ ವರ್ಗವಾಯಿತು. ಶಿರಹಟ್ಟಿ ಏನು ಪರದೇಶವೇ, ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವುದರೊಳಗೆ ಬರುವ ಊರು ಎಂದು ಇಬ್ಬರೂ ಹೇಳಿಕೊಂಡೆವು. ಆದರೆ ತಾಟು ಹಿಡಿದುಕೊಂಡು ಬಸ್ಸು ಹತ್ತಲು ಬರುತ್ತದೆಯೇ?

ಕಡಲಿನ ವಿಚಾರ ತೆಗೆದವಳೂ ಆಕೆಯೇ. ಹುಬ್ಬಳ್ಳಿಯ ಯಾವುದೋ ಗುಂಪಿನವರು ಜನರನ್ನು ಕಟ್ಟಿಕೊಂಡು ಹೋಗಿ, ಒಂದು ದಿನ ಕುಮಟಾದ ಕಡೆಯಿಂದ ಗೋಕರ್ಣದವರೆಗೆ ದಂಡೆ ದಂಡೆ ಹಿಡಿದು ನಡೆಸುತ್ತಾರೆ, ಮರುದಿನ ಒಳಗಿನ ಗುಡ್ಡ ಹತ್ತಿಸುತ್ತಾರೆ ಎಂದು ಮೊಬೈಲಿನಲ್ಲಿ ನೋಡಿ ಇಬ್ಬರ ಹೆಸರನ್ನೂ ಬರೆಸಿದಳು. "ಎರಡು ದಿನ ಹಗಲೆಲ್ಲಾ ಮಾತಾಡ್ಕೋತ ನಡಿಯೂದು, ಸುಮಿತ್ರಾ. ಒಂದು ವರ್ಷದ ಮಾತು ಉಳದಾವು" ಎಂದಳು. ನಾನು ಹುರುಪಿನಲ್ಲಿ ಇಬ್ಬರಿಗಾಗುವಷ್ಟು ಖಡಕ್ ರೊಟ್ಟಿ, ಝುಣಕದ ವಡಿ, ಶೇಂಗಾ ಚಟ್ನಿ, ಕೆಂಪು ಖಾರ ಎಲ್ಲಾ ಕಟ್ಟಿದೆ. ಹೊರಡುವ ದಿನ ಸಂಜೆ ಫೋನು ಬಂತು. "ಮೊಣಕಾಲು ಬಾತು ಕುಂತೈತವಾ. ನೀ ಹೋಗಿ ಬಾ. ಸಮುದ್ರ ಹೆಂಗಿತ್ತಂತ ನನಗ ಬಂದು ಹೇಳು." ನಾನೂ ಒಲ್ಲೆ ಎನ್ನಬೇಕೆಂದಿದ್ದೆ. ಆದರೆ ಡಬ್ಬಿ ಕಟ್ಟಿಯಾಗಿತ್ತು. ಕಟ್ಟಿದ ಬುತ್ತಿ ಬಿಚ್ಚಿ ಮನೆಯಲ್ಲಿ ಕೂತು ತಿನ್ನುವಷ್ಟು ದುಃಖ ಇನ್ನೊಂದಿಲ್ಲ.

ಬೆಳಿಗ್ಗೆ ಕಡಲದಂಡೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ ಮುಂದಾಳು ಹುಡುಗ, ಪ್ರತಿಯೊಬ್ಬರಿಗೂ ಒಂದು ಜೋಡಿ ಇರಬೇಕು, ಒಬ್ಬರ ಮೇಲೆ ಒಬ್ಬರು ಕಣ್ಣಿಡಬೇಕು ಎಂದ. ಎಲ್ಲರೂ ಪಟಪಟ ಕೈ ಹಿಡಿದುಕೊಂಡರು. "ನಿಮ್ಮ ಜೋಡಿ ಎಲ್ಲದಾರ್ರಿ ಮೇಡಂ?" ಎಂದು ನನ್ನನ್ನು ಕೇಳಿದ. "ಶಿರಹಟ್ಯಾಗ ಅದಾರ್ರಿ" ಎಂದೆ. ಅವನು ನನ್ನ ಬುತ್ತಿಯ ಚೀಲ ನೋಡಿ, "ಹಂಗಾರ ನೀವು ಬ್ಯಾಗ್ ಮ್ಯಾಲೆ ಕಣ್ಣಿಡ್ರಿ" ಎಂದ. ಅಲ್ಲಿಂದ ನನಗೆ ನನ್ನ ಬುತ್ತಿಯೇ ಜೋಡಿ.

ನಡೆದೆ. ಕಡಲು ಚೆನ್ನಾಗಿಯೇ ಇತ್ತು, ಅದರಲ್ಲಿ ಹೆಸರಿಡುವಂಥದ್ದೇನಿಲ್ಲ. ಮರಳಿನ ಮೇಲೆ ಒಂದಷ್ಟು ದೂರ, ಆಮೇಲೆ ಕೆಂಪು ಮುರಕಲ್ಲಿನ ದಿಬ್ಬ ಹತ್ತುವುದು, ಮೇಲಿಂದ ಒಮ್ಮೆ ಹೊಳೆಯುವ ನೀರು ನೋಡಿ 'ಅಬ್ಬಾ' ಎನ್ನುವುದು, ಇಳಿದರೆ ಮತ್ತೆ ಮರಳು, ಮತ್ತೆ ದಿಬ್ಬ. ಬಿಸಿಲಿನ ಬಗ್ಗೆ ಮಾತ್ರ ನನಗೆ ಮೋಸವಾಯಿತು. ಗದಗಿನವಳಿಗೆ ಬಿಸಿಲು ಕಲಿಸುತ್ತೀರಾ ಎಂಬ ಜಂಬದಲ್ಲಿ ಟೊಪ್ಪಿಗೆಯನ್ನೂ ತಂದಿರಲಿಲ್ಲ. ನಮ್ಮ ಬಿಸಿಲು ಎದುರಿಗೆ ನಿಂತು ಬೈದು ಹೋಗುತ್ತದೆ. ಕರಾವಳಿಯದು ಒದ್ದೆ ಸೀರೆ ಉಟ್ಟ ದೂರದ ಸಂಬಂಧಿಯಂತೆ ಬಂದು ತಬ್ಬಿಕೊಂಡರೆ ಬಿಡುವುದೇ ಇಲ್ಲ. 'ಅಬ್ಬಾ' ಎಂದಾಗಲೆಲ್ಲ ಪಕ್ಕಕ್ಕೆ ತಿರುಗುತ್ತಿದ್ದೆ. ಎಷ್ಟು ದೊಡ್ಡ ಸಮುದ್ರವಾದರೇನು, 'ನೋಡ ಇಲ್ಲೆ' ಎನ್ನಲು ಒಬ್ಬರು ಇರದಿದ್ದರೆ ಅದು ಬರಿಯ ನೀರು.

ಮಧ್ಯಾಹ್ನ ಒಂದು ದಿಬ್ಬದ ಮೇಲೆ ಎಲ್ಲರೂ ತಂಡ ತಂಡವಾಗಿ ಕೂತರು. ನಾನು ಕೇದಗೆ ಪೊದೆಯ ನೆರಳಿಗೆ ಹೋಗಿ ಡಬ್ಬಿ ಬಿಚ್ಚಿದೆ. ನಮ್ಮೂರ ಗಾಳಿಯಲ್ಲಿ ತಿಂಗಳಿಟ್ಟರೂ ಲಟಕ್ಕೆಂದು ಮುರಿಯುವ ರೊಟ್ಟಿಗಳು ಉಪ್ಪುಗಾಳಿ ತಾಗಿದ್ದೇ ಒಗೆದು ಹಿಂಡಿದ ಅರಿವೆಯಂತೆ ಜೋತುಬಿದ್ದವು. ಅವುಗಳಿಗೂ ಒಬ್ಬಳ ಜೊತೆ ಬಂದು ಬೇಜಾರಾಗಿರಬೇಕು ಅಂದುಕೊಂಡೆ. ಅಷ್ಟರಲ್ಲಿ ನಮ್ಮ ಗುಂಪಿನಲ್ಲೇ ಇದ್ದ ಮೈಸೂರು ಕಡೆಯ ಮೂರು ಹುಡುಗಿಯರು ಜಾಗ ಹುಡುಕುತ್ತ ನನ್ನ ಮುಂದೆಯೇ ಹಾದರು. ನನ್ನ ಬಾಯಿಗೆ ಏನು ಗೊತ್ತು ಅದು ಗೋಕರ್ಣದ ದಾರಿ ಎಂದು? "ಬರ್ರಿ ಊಟಕ್ಕ" ಎಂದುಬಿಟ್ಟಿತು.

"ಹೌದಾ ಆಂಟಿ?" ಎಂದಳು ಮುಂದಿದ್ದ ಮೇಘಾ ಎಂಬ ಹುಡುಗಿ. "ಬನ್ರೇ, ಆಂಟಿ ಕರೀತಿದಾರೆ!"

ಮೂರೂ ಜನ ಚೀಲ ಇಳಿಸಿ ಕೂತೇಬಿಟ್ಟರು. ಡೋಣಿಯ ಅತ್ತೆಯ ಮುಖ ಅವತ್ತು ಹೇಗಾಗಿತ್ತೆಂದು ನನಗೆ ಆಗ ತಿಳಿಯಿತು. "ಇದು ಕಟುಂ ಅನ್ನೋ ರೊಟ್ಟಿ ಅಲ್ವಾ ಆಂಟಿ? ಯಾಕೆ ಚಪಾತಿ ಥರ ಇದೆ?" ಎಂದು ಒಬ್ಬಳು. ಕೆಂಪು ಖಾರವನ್ನು ಜಾಮ್ ಬಳಿದುಕೊಂಡಂತೆ ಬಳಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡವಳು ಇನ್ನೊಬ್ಬಳು. ನನ್ನ ಪಾಲು ಹೋಯಿತು, ನೀಲಕ್ಕನ ಪಾಲು ಹೋಯಿತು, ಮರುದಿನದ್ದೂ ಹೋಯಿತು. ನಿಜ ಹೇಳಬೇಕೆಂದರೆ ನಾನೂ ಆ ದಿನ ದಿನಕ್ಕಿಂತ ಒಂದು ರೊಟ್ಟಿ ಹೆಚ್ಚು ತಿಂದೆ. ಹೊಟ್ಟೆ ಹಗುರವಾಗಿತ್ತೋ, ಮನಸ್ಸು ಹಗುರವಾಗಿತ್ತೋ. ಮೇಘಾ ನನ್ನ ತಲೆಗೆ ತನ್ನ ಟೊಪ್ಪಿಗೆ ಇಟ್ಟಳು. ಗೋಕರ್ಣ ಮುಟ್ಟುವವರೆಗೆ ಮೂವರೂ ನನ್ನ ಆಚೆ ಈಚೆ ನಡೆದರು. ಒಂದು ದಿಬ್ಬದ ಮೇಲೆ ನಾನು "ನೋಡ್ರಿ ಇಲ್ಲೆ" ಎಂದೆ. ಮೂರು ತಲೆ ತಿರುಗಿದವು.

ಮರುದಿನ ಗುಡ್ಡ. ನಮ್ಮ ಕಪ್ಪತಗುಡ್ಡ ನೇರ ಮನುಷ್ಯನಂತೆ, ನೀನು ಹತ್ತಬೇಕಾದದ್ದು ಇಷ್ಟು ಎಂದು ಮೊದಲೇ ತೋರಿಸಿಬಿಡುತ್ತದೆ. ಆ ಕಡೆಯ ಗುಡ್ಡಗಳು ಮೈತುಂಬ ಮರ ಹೊದ್ದುಕೊಂಡು, ಇನ್ನೇನು ಬಂತು ಇನ್ನೇನು ಬಂತು ಎಂದು ಪುಸಲಾಯಿಸಿ ಹತ್ತಿಸುತ್ತವೆ. ಹುಡುಗಿಯರು ಮುಂದೆ ಹೋದರು, ನಾನು ಹಿಂದೆ ಉಳಿದೆ. ಏದುಸಿರು ಬಿಡುತ್ತ ಮೇಲೆ ಮುಟ್ಟುವಷ್ಟರಲ್ಲಿ ಅವರು ಗುಂಪಿನವರು ಕೊಟ್ಟ ಚಿತ್ರಾನ್ನದ ಪೊಟ್ಟಣ ಬಿಚ್ಚಿ ಕೂತಿದ್ದರು. ನನ್ನ ಪೊಟ್ಟಣವನ್ನು, ಬುತ್ತಿ ತಂದಿದ್ದೇನೆ ಎಂಬ ಗತ್ತಿನಲ್ಲಿ, ಮೊದಲ ದಿನವೇ ಬೇಡವೆಂದಿದ್ದೆ. ಮೇಘಾ ಕೈ ಬೀಸಿ, "ಬನ್ನಿ ಆಂಟಿ ಊಟಕ್ಕೆ!" ಎಂದಳು.

"ಆತು, ನೀವ್ ಮಾಡ್ರಿ, ನಂದು ಆಗೇತಿ" ಎಂದೆ.

ಯಾಕೆ ಹಾಗೆಂದೆ? ಬಾಯಿ ಅಂದಿತು. ಇನ್ನು ಎದ್ದು ಬಂದು ಎಳೆಯುತ್ತಾರೆ, ಎರಡು ಸಲ ಒಲ್ಲೆ ಎಂದು ಮೂರನೆಯದಕ್ಕೆ ಕೂತರಾಯಿತು ಎಂದು ನಿಂತೆ. ಹುಡುಗಿ "ಓಕೆ ಆಂಟಿ" ಎಂದು ಪೊಟ್ಟಣಕ್ಕೆ ಕೈ ಹಾಕಿದಳು. ನಂಬಿಬಿಟ್ಟಳು! ಅವರದೇನೂ ತಪ್ಪಿಲ್ಲ, ಕರೆದರೆ ಬರುವ ಜನ, ಬರುವುದಿಲ್ಲ ಎಂದರೆ ನಂಬುವ ಜನ. ನಾನು ಇನ್ನೊಂದು ಬಂಡೆಯ ಹಿಂದೆ ಹೋಗಿ, ಖಾಲಿ ಡಬ್ಬಿಯ ತಳದಲ್ಲಿದ್ದ ಶೇಂಗಾ ಚಟ್ನಿಯನ್ನು ಬೆರಳಿಗೆ ಹಚ್ಚಿಕೊಂಡು ನೆಕ್ಕುತ್ತ, ಕಣಿವೆಯ ಆಚೆ ದೂರದಲ್ಲಿ ಗೆರೆಯಂತೆ ಕಾಣುವ ಕಡಲನ್ನು ನೋಡಿದೆ. ಅವರ ನಗೆ ಬಂಡೆ ದಾಟಿ ಬರುತ್ತಿತ್ತು. ಇನ್ನು ಮೇಲೆ ಯಾರು ಕರೆದರೂ ಮೊದಲನೆಯ ಸಲಕ್ಕೇ ಹೋಗಿಬಿಡುತ್ತೇನೆ ಎಂದು ಆ ಗುಡ್ಡದ ಸಾಕ್ಷಿಯಾಗಿ ಆಣೆ ಮಾಡಿದೆ.

ಊರಿಗೆ ಬಂದವಳೇ ನೀಲಕ್ಕನಿಗೆ ಫೋನು ಹಚ್ಚಿ ಎಲ್ಲಾ ಹೇಳಿದೆ. ಆಕೆ ನಕ್ಕು ನಕ್ಕು, "ನನ್ನ ಪಾಲಿನ ರೊಟ್ಟಿ ಮೈಸೂರಿನವರಿಗೆ ತಿನ್ನಿಸಿ ಬಂದ್ಯೇನವಾ! ಐತವಾರ ಇಲ್ಲಿಗೆ ಬಾ ಊಟಕ್ಕ" ಎಂದಳು.

"ನೋಡೂಣಕ್ಕ, ನಿನ್ನ ಕಾಲು ಮೊದಲು ಆರಾಮ ಆಗಲಿ" ಎಂದೆ. ಫೋನು ಇಟ್ಟ ಮೇಲೆ ಗುಡ್ಡದ ನೆನಪಾಯಿತು.

ಇರಲಿ, ಫೋನಿನಲ್ಲಿ ಕರೆದದ್ದು ಲೆಕ್ಕಕ್ಕಿಲ್ಲ ಎಂದುಕೊಂಡು ಮರುದಿನ ಕಚೇರಿಯಿಂದ ಬರುತ್ತಿದ್ದೆ. ನಮ್ಮ ಪಕ್ಕದ ಮನೆ ನೇಕಾರರದು, ನಡುವೆ ಒಂದೇ ಗೋಡೆ. ಅವರ ಮಗ್ಗದ ಸಪ್ಪಳ ನನಗೆ, ನನ್ನ ರೊಟ್ಟಿ ಬಡಿಯುವ ಸಪ್ಪಳ ಅವರಿಗೆ, ಹೀಗೆ ಕೊಡುಕೊಳ್ಳುವಿಕೆ ನಡೆದಿದೆ. ಆ ಸಂಜೆ ಮಗ್ಗ ನಿಂತಿತ್ತು. ಮನೆಯಾಕೆ ಗಂಗವ್ವ ಮಕ್ಕಳನ್ನು ಕೂಡಿಸಿ ಬಡಿಸುತ್ತಿದ್ದಳು. ಎಣ್ಣೆಗಾಯಿಯ ವಾಸನೆ ಓಣಿಯ ತುದಿಯವರೆಗೂ ಬಂದು ನನ್ನನ್ನು ಕರೆದುಕೊಂಡು ಬಂದಿತ್ತು. "ಬರ್ರಿ ಸುಮಿತ್ರಕ್ಕಾರ, ಊಟಕ್ಕ ಬರ್ರಿ" ಎಂದಳು.

ಗುಡ್ಡ, ಕಡಲು, ಆಣೆ ಎಲ್ಲವೂ ಕಣ್ಣಮುಂದೆ ಬಂದವು. ಬಾಯಿ ಮಾತ್ರ ಅವುಗಳ ಮಾತು ಕೇಳಲಿಲ್ಲ. "ಆತು ಗಂಗವ್ವ, ನೀವ್ ಮಾಡ್ರಿ, ನಂದು ಆಗೇತಿ" ಎಂದು, ಬೀಗ ತೆಗೆದು, ಒಳಗೆ ಹೋಗಿ, ಒಲೆ ಹಚ್ಚಿ, ಒಂದು ರೊಟ್ಟಿಗೆಂದು ಎರಡು ರೊಟ್ಟಿಯ ಹಿಟ್ಟು ನಾದಿ, ಬಡಿಯತೊಡಗಿದೆ.

ಗೋಡೆಯ ಆಚೆಯಿಂದ ಗಂಗವ್ವನ ದನಿ ಬಂತು: "ಊಟ ಆಗೇತಿ ಅಂದ್ರಿ, ಮತ್ತ ಆ ಸಪ್ಪಳ ಏನ್ರೀ ಅಕ್ಕಾರ?"

ನನ್ನ ಕೈ ನಿಂತಿತು. ಹೋಗಬೇಕಾದ ದಾರಿಯಲ್ಲಿ ಮರಳಿಲ್ಲ, ದಿಬ್ಬವಿಲ್ಲ, ಎರಡು ಹೊಸ್ತಿಲು ಅಷ್ಟೇ. "ಟಿವಿಯಾಗ ರೊಟ್ಟಿ ಬಡಿಯಾಕತ್ತಾರ್ರಿ ಗಂಗವ್ವ" ಎಂದೆ.

ಆಚೆ ಕಡೆ ಮಕ್ಕಳು ನಕ್ಕರು. ಮತ್ತೊಮ್ಮೆ ಕರೆಯುತ್ತಾಳೇನೋ ಎಂದು ಸ್ವಲ್ಪ ಹೊತ್ತು ಹಿಟ್ಟಿನ ಕೈಯಲ್ಲೇ ಕಾದೆ. ಆಮೇಲೆ ಎರಡನೆಯ ರೊಟ್ಟಿಯನ್ನು ಸಪ್ಪಳವಾಗದಂತೆ, ಮೆಲ್ಲಗೆ ಒತ್ತಿ ಒತ್ತಿ ಮಾಡಿದೆ. ಬಡಿಯದೆ ಮಾಡಿದ ರೊಟ್ಟಿ ಉಬ್ಬುವುದಿಲ್ಲ.