ಗೇಟಿನ ಮೇಲಿನ ಬೋರ್ಡು

ನಮ್ಮ ಮಗಳು ಕಾಲೇಜಿನಲ್ಲಿ ಮೇಲಿಂದ ಮೇಲೆ ವಿಷಯ ಬದಲಾಯಿಸಿದ್ದಕ್ಕೆ ನಾನೇ ಕಾರಣ ಎಂದು ನನ್ನ ಹೆಂಡತಿ ಬೀದಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ. ಇದು ಶುದ್ಧ ಅಪಪ್ರಚಾರ. ನಾನು ಮಾಡಿದ್ದಿಷ್ಟೇ, ಒಂದು ಬೋರ್ಡು ಬರೆದೆ. ಅದು ನನ್ನ ಕಸುಬು. ಊರಿನ ಅರ್ಧ ಅಂಗಡಿಗಳ ಹಣೆಬರಹ ಬರೆದವನು ನಾನು. (ಉಳಿದರ್ಧ ಬೇರೆಯವರ ಕೈಲಿ ಬರೆಸಿ ಬಾಗಿಲು ಹಾಕಿಕೊಂಡವು.) ಅಂಥವನು ಸ್ವಂತ ಮಗಳಿಗೆ ಒಂದು ಬೋರ್ಡು ಬರೆಯಬಾರದೇ?

ಅವಳು ಭೂವಿಜ್ಞಾನಕ್ಕೆ ಸೇರಿ ಬಂದ ಸಂಜೆಯೇ ತಗಡು ಹರವಿಕೊಂಡು ಕುಳಿತೆ. ಕಡುನೀಲಿಯ ಮೇಲೆ ಹಳದಿ ಅಕ್ಷರ, ಅದಕ್ಕೆ ಕೆಂಪು ನೆರಳು: 'ಭೂವಿಜ್ಞಾನಿ'. ಕೆಳಗೆ ಸಣ್ಣದಾಗಿ, 'ಒಳಗೆ ಬನ್ನಿ'.

"ಅವಳಿನ್ನೂ ಪುಸ್ತಕಾನೇ ತಂದಿಲ್ಲ ಕಣ್ರೀ!" ಎಂದಳು ಹೆಂಡತಿ.

"ಬಣ್ಣ ಒಣಗೋಕೂ ಹೊತ್ತು ಬೇಕಲ್ವೇನೇ? ಅಷ್ಟರಲ್ಲಿ ಓದ್ಕೋತಾಳೆ ಬಿಡು."

ಒಳಗೆ ಬನ್ನಿ ಎಂದರೆ ಜನ ನಿಜವಾಗಿಯೂ ಬರುತ್ತಾರೆ ಎಂದು ನಾನೇನು ಕನಸು ಕಂಡಿದ್ದೆನೇ? ಹಿಂದಿನ ಬೀದಿಯ ಯಜಮಾನರು ಬಂದು, "ಬಾವಿ ಎಲ್ಲಿ ತೋಡಿಸ್ಲಿ ಹೇಳಮ್ಮ" ಎಂದು ಅವಳನ್ನು ತಮ್ಮ ಹಿತ್ತಲಿಗೆ ಎಳೆದುಕೊಂಡೇ ಹೋದರು. ಹುಡುಗಿ ಗಾಬರಿಯಲ್ಲಿ ಒಂದು ಮೂಲೆ ತೋರಿಸಿದಳು. ಅಲ್ಲಿ ನೀರೇನೋ ಭರ್ಜರಿಯಾಗಿ ಚಿಮ್ಮಿತು, ಪಕ್ಕದ ಮನೆಯ ಪೈಪಿನಿಂದ. ಮರುವಾರವೇ ಅವಳು ಅರ್ಥಶಾಸ್ತ್ರಕ್ಕೆ ಹಾರಿದಳು.

ನಾನು ಅದೇ ತಗಡಿಗೆ ಹೊಸ ಬಣ್ಣ ಬಳಿದೆ. ಎದುರುಮನೆ ದೊಡ್ಡಮ್ಮ ಬಂದು, "ಈರುಳ್ಳಿ ಬೆಲೆ ಯಾವತ್ತು ಇಳಿಯುತ್ತೆ ಮಗಳೇ?" ಎಂದರು. "ಮುಂದಿನ ವಾರ" ಎಂದಳು ಇವಳು, ಮರ್ಯಾದೆಗೆ. ಮುಂದಿನ ವಾರ ಬೆಲೆ ಆಕಾಶಕ್ಕೇರಿತು, ದೊಡ್ಡಮ್ಮ ನಮ್ಮೊಡನೆ ಮಾತು ಬಿಟ್ಟರು. ಆಮೇಲೆ ಕಾನೂನು. ಗೋಡೆಗಾಗಿ ಕಿತ್ತಾಡುತ್ತಿದ್ದ ಅಣ್ಣತಮ್ಮಂದಿರಿಬ್ಬರು ನಮ್ಮ ನಡುಮನೆಯಲ್ಲೇ ಚಹಾ ಕುಡಿದು, ನಮ್ಮ ಕುರ್ಚಿಯಿಂದಲೇ ಹೊಡೆದಾಡಿದರು. ಇಷ್ಟೊತ್ತಿಗೆ ಬಣ್ಣದ ಮೇಲೆ ಬಣ್ಣ ಕೂತು ಬೋರ್ಡು ಹಾಸಿಗೆಯಷ್ಟು ದಪ್ಪವಾಗಿ, ಗೇಟು ಒಂದು ಕಡೆಗೆ ವಾಲಿತ್ತು.

ಕಾಲೇಜಿನವರಿಗೂ ಸಾಕಾಯಿತು. ಶುಕ್ರವಾರದೊಳಗೆ ಒಂದು ವಿಷಯಕ್ಕೆ ಅಂಟಿಕೊಳ್ಳದಿದ್ದರೆ ಈ ವರ್ಷ ಹೋದಂತೆಯೇ ಎಂದುಬಿಟ್ಟರು. ಮಗಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಒಳಗಿಂದ ಬಿಕ್ಕುವುದು ಕೇಳಿ, ನಿಜ ಹೇಳುತ್ತೇನೆ, ಕೈಲಿದ್ದ ಬ್ರಷ್ ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದೆ.

"ಯಾವ್ದು ಇಷ್ಟಾನೋ ಅದೇ ತಗೋ ಪುಟ್ಟಿ, ನಾನೇನೂ ಅನ್ನಲ್ಲ" ಎಂದೆ ಬಾಗಿಲಿಗೆ.

"ನೀನು ಅನ್ನಲ್ಲಪ್ಪ, ಬರೀತೀಯ!" ಬಾಗಿಲು ಧಡಾರನೆ ತೆರೆಯಿತು. "ನಂಗೆ ಪಾಠ ಕಂಡ್ರೆ ಭಯ ಇಲ್ಲ, ಗೇಟು ಕಿರ್ ಅಂದ್ರೆ ಭಯ! ಅಲ್ಲಿ ಮೊದಲನೇ ಪಾಠ ಮುಗಿಯೋ ಮುಂಚೆ ಇಲ್ಲಿ ಗಿರಾಕಿ ಬಂದು ಕೂತಿರ್ತಾರೆ!"

ಹೆಂಡತಿ ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ನನ್ನ ಬಳಿ ಅಷ್ಟು ಬಣ್ಣಗಳಿಲ್ಲ. ಬೋರ್ಡು ಕೆಳಗಿಳಿಯಿತು. ಮನೆಯಲ್ಲಿದ್ದ ಬ್ರಷ್ಷುಗಳೆಲ್ಲ ಹಿಟ್ಟಿನ ಡಬ್ಬಿಯಲ್ಲಿ ಅಜ್ಞಾತವಾಸಕ್ಕೆ ಹೋದವು.

ಶುಕ್ರವಾರ ಮಗಳು ಹೊಸ ವಿಷಯಕ್ಕೆ ಸೇರಿ ನಗುತ್ತ ಬಂದಳು. ಯಾವುದೆಂದು ಮಾತ್ರ ಬಾಯಿಬಿಡಲಿಲ್ಲ. ತಾಯಿಗೆ ಗೊತ್ತು, ನನಗೆ ಗೊತ್ತಿಲ್ಲ! ನನ್ನ ಬೆರಳು ತಾನಾಗಿಯೇ ಮೇಜಿನ ಧೂಳಿನಲ್ಲಿ 'ಇತಿಹಾಸಜ್ಞೆ' ಎಂದು ಬರೆಯತೊಡಗಿತು. ಬಚ್ಚಲಮನೆಯ ಕನ್ನಡಿಯ ಹಬೆಯಲ್ಲಿ 'ವಾಸ್ತುಶಿಲ್ಪಿ' ಎಂದು ಬರೆದೆ, ನೆರಳು ಸಮೇತ. ಹೆಂಡತಿ ಹಿಂದೆಯೇ ಬಂದು ಟವೆಲಿನಿಂದ ಒರೆಸಿದಳು.

ಕೊನೆಗೊಂದು ಭಾನುವಾರ ಎದ್ದು ನೋಡುತ್ತೇನೆ, ಗೇಟಿನ ಮೇಲೆ ನನ್ನದೇ ಬೋರ್ಡು ತಿರುವುಮುರುವಾಗಿ ನೇತಾಡುತ್ತಿದೆ! ಹಿಂಬದಿಯಲ್ಲಿ ಮಗಳ ಕೈಬರಹ: 'ಮನಶ್ಶಾಸ್ತ್ರದ ಪ್ರಯೋಗ ನಡೆಯುತ್ತಿದೆ. ಅಪ್ಪನ ಕೈಗೆ ಬ್ರಷ್ ಕೊಡಬೇಡಿ. ಒಳಗೆ ಬನ್ನಿ.'

ಬಂದರಲ್ಲ! ಬಾವಿ ಯಜಮಾನರು, ಅಣ್ಣತಮ್ಮಂದಿರು (ನನ್ನನ್ನು ನೋಡುವ ಖುಷಿಯಲ್ಲಿ ರಾಜಿಯಾಗಿದ್ದರು), ಮಾತು ಬಿಟ್ಟಿದ್ದ ದೊಡ್ಡಮ್ಮ ಕೂಡ. ಎಲ್ಲರೂ ಚಹಾ ಹಿಡಿದು ನನ್ನ ಸುತ್ತ ಕುಳಿತರು. ಅವಮಾನವನ್ನು ನುಂಗಿಕೊಳ್ಳುತ್ತಿದ್ದೆ, ಮಗಳಿಗೆ ಒಂದು ನೆಲೆ ಸಿಕ್ಕಿತಲ್ಲ ಎಂದು ಒಳಗೊಳಗೇ ಉಬ್ಬುತ್ತಲೂ ಇದ್ದೆ. ಆದರೆ ಕಣ್ಣು ಕಿಟಕಿಯಾಚೆ ಗೇಟಿಗೇ ಹೋಗುತ್ತಿತ್ತು. ಆ ಎರಡನೆಯ ಸಾಲು! ಇಳಿಜಾರಿನಲ್ಲಿ ಜಾರಿದಂತೆ ಸೊಟ್ಟಗೆ ಹೋಗಿತ್ತು. ಬೆವರಿದೆ. ಕಾಲು ಕುಣಿಸಿದೆ. ಕೊನೆಗೆ ತಡೆಯಲಾಗದೆ ಅಡುಗೆಮನೆಗೆ ನುಗ್ಗಿ, ಡಬ್ಬಿಗೆ ಕೈಹಾಕಿ, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಬ್ರಷ್ ಸಮೇತ ಗೇಟಿನತ್ತ ಓಡಿದೆ.

ಹಿಂದಿನಿಂದ ಮಗಳ ದನಿ ಕೇಳಿತು: "ನೋಡಿದ್ಯಾ ಅಮ್ಮ? ಚಹಾ ಆರೋದ್ರೊಳಗೆ ಅಪ್ಪ ಎದ್ದು ಓಡ್ತಾನೆ ಅಂತ ಹೇಳಿರ್ಲಿಲ್ವಾ? ಆ ಸಾಲು ಬೇಕಂತ್ಲೇ ಸೊಟ್ಟ ಬರೆದಿದ್ದೆ!"

"ಅಬ್ಬಾ, ಎಂಥ ಓದಿನ ಹುಡುಗಿ!" ಎಂದು ದೊಡ್ಡಮ್ಮ ಚಪ್ಪಾಳೆ ತಟ್ಟಿದರು. ಬೀದಿಗೆ ಬೀದಿಯೇ ತಟ್ಟಿತು. ಬ್ರಷ್ ಹಿಡಿದ ಕೈಯಿಂದ ಹಿಟ್ಟು ಉದುರಿಸುತ್ತ ನಾನೂ ತಟ್ಟಿದೆ.