ಹೊರಗೆ ಹೋಗುವ ವಿಚಾರ

ನಾಚಿಕೆಯನ್ನು ಹೇಳಿಕೊಂಡುಬಿಟ್ಟರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನ್ನ ಮಟ್ಟಿಗೆ ಇದು ಶುದ್ಧ ಸುಳ್ಳು. ನನ್ನ ನಾಚಿಕೆಯ ಕತೆಯನ್ನು ಬೇರೆಯವರು ಹೇಳುವುದನ್ನು ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಕೇಳಿಸಿಕೊಂಡವಳು ನಾನು. ಅದರಲ್ಲಿ ಬೆಕ್ಕುಗಳು ಮೂರಾಗಿದ್ದವು. ಆದ್ದರಿಂದ ಹಗುರಾಗುವ ಆಸೆಯಿಂದಲ್ಲ, ಬೆಕ್ಕು ಒಂದೇ ಇತ್ತು ಎಂದು ತಿಳಿಸುವುದಕ್ಕಾದರೂ ನಾನೇ ಹೇಳಿಬಿಡುವುದು ವಾಸಿ.

ಆಗ ನಾನು ಕಡೂರಿನಲ್ಲಿ ಗ್ರಾಮಸೇವಿಕೆಯಾಗಿದ್ದೆ. ಸುತ್ತಲ ಹಳ್ಳಿಗಳಿಗೆ ಹೋಗಿ, ಹೆಂಗಸರನ್ನು ಒಂದು ಜಗುಲಿಯ ಮೇಲೆ ಕೂಡಿಸಿ, ಗೋಡೆಗೆ ಚಾರ್ಟು ನೇತುಹಾಕಿ, ಮನೆಯಲ್ಲಿ ಕಕ್ಕಸು ಕಟ್ಟಿಸಿಕೊಳ್ಳಿ, ಕಟ್ಟಿಸಿಕೊಂಡವರು ದಯವಿಟ್ಟು ಅದನ್ನು ಬಳಸಿ ಎಂದು ಹೇಳುವುದು ನನ್ನ ಕೆಲಸಗಳಲ್ಲಿ ಒಂದು. ಹೇಳುವುದಕ್ಕೆ ಮೊದಲ ಅಡ್ಡಿ ಎಂದರೆ ಭಾಷೆ. ನಮ್ಮ ಕಡೆ ಆ ಕೆಲಸಕ್ಕೆ ಮರ್ಯಾದಸ್ಥರು ಬಳಸುವ ಮಾತು 'ಹೊರಗೆ ಹೋಗೋದು'. ನನ್ನನ್ನು ನೋಡಲು ತರೀಕೆರೆಯ ನಮ್ಮ ಮನೆಗೆ ಗಂಡಿನವರು ಬಂದ ದಿನ, ನಾನು ಪಕ್ಕದ ಮನೆಯಿಂದ ಜರಿ ಸೀರೆ ಕೇಳಿ ತರಲು ಹೋಗಿದ್ದೆ. "ಹುಡುಗಿ ಎಲ್ಲಿ?" ಎಂದು ಅವರು ಕೇಳಿದಾಗ, ಎರವಲು ಸೀರೆಯ ಗುಟ್ಟು ಬಿಡಲಾರದೆ ನಮ್ಮಪ್ಪ "ಹೊರಗೆ ಹೋಗಿದಾಳೆ" ಎಂದುಬಿಟ್ಟರು. ಗಂಡಿನವರು ತಲೆ ತಗ್ಗಿಸಿ ಉಪ್ಪಿಟ್ಟು ತಿಂದರಂತೆ. ನನ್ನ ಅತ್ತೆ ಇವತ್ತಿಗೂ ಅದನ್ನು ಮರೆತಿಲ್ಲ. ಅಂಥ ಮಾತನ್ನು ತಿರುಗಿಸಿ ನಾನು ಹಳ್ಳಿಗಳಲ್ಲಿ, "ಇನ್ನು ಮೇಲೆ ಹೊರಗೆ ಹೋಗೋದು ಬಿಡಿ, ಒಳಗೆ ಹೋಗಿ" ಎಂದು ಭಾಷಣ ಮಾಡುತ್ತಿದ್ದೆ. ಚೌಳಹಿರಿಯೂರಿನ ಅಜ್ಜಿಯೊಬ್ಬಳು, "ಒಳಗೆ ಹೋಗೋದು ಅಂದ್ರೆ ಜೈಲಿಗಲ್ವೇನವ್ವಾ? ನಾವೇನ್ ತಪ್ಪು ಮಾಡಿದ್ವಿ?" ಎಂದು ಗಾಬರಿಯಿಂದ ಕೇಳಿದ್ದಳು.

ಇಂಥ ಘನಕಾರ್ಯದಲ್ಲಿ ನಾನಿದ್ದಾಗ ನನ್ನ ಅತ್ತೆ ಅಜ್ಜಂಪುರದ ತಮ್ಮ ತವರಿನಿಂದ ಒಂದು ಬೆಕ್ಕಿನ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಮನೆಯಲ್ಲಿ ಇಲಿ ಕಾಟ ಇದ್ದದ್ದು ನಿಜ. ಆದರೆ ಆ ಮರಿ ನಮ್ಮ ಇಲಿಗಳಿಗಿಂತ ಚಿಕ್ಕದಾಗಿತ್ತು. ಹಿತ್ತಲು ಪೂರ್ತಿ ಕಲ್ಲುಚಪ್ಪಡಿ, ಕೆದಕಲು ಹಿಡಿ ಮಣ್ಣಿಲ್ಲ. ಬೀದಿಗೆ ಬಿಟ್ಟರೆ ನಾಯಿಗಳು. ಕಾಫಿ ತೋಟದವರ ಮನೆಯೊಂದರಲ್ಲಿ ಬೆಕ್ಕಿಗೆ ತಟ್ಟೆಯಲ್ಲಿ ಮರಳು ಹಾಕಿಟ್ಟಿದ್ದನ್ನು ನಾನು ಒಮ್ಮೆ ನೋಡಿದ್ದೆ. ತಡಮಾಡದೆ ನಮ್ಮ ಮದುವೆಯಲ್ಲಿ ಉಡುಗೊರೆ ಬಂದಿದ್ದ, ಗುಲಾಬಿ ಹೂವಿನ ಚಿತ್ರದ ಕಾಫಿ ಟ್ರೇ ತೆಗೆದು, ಮರಳು ತುಂಬಿ, ಅಡುಗೆಮನೆಯ ಮೂಲೆಯಲ್ಲಿ ಮರಿಯ ಹಾಲಿನ ಬಟ್ಟಲಿನ ಪಕ್ಕದಲ್ಲೇ ಇಟ್ಟೆ. ಊಟ, ಶೌಚ ಎರಡಕ್ಕೂ ಒಂದೇ ಕಡೆ ಅನುಕೂಲ. ಇಂಥ ಸೌಕರ್ಯ ನನ್ನ ತಾಲ್ಲೂಕಿನಲ್ಲಿ ಮನುಷ್ಯರಿಗೂ ಇರಲಿಲ್ಲ.

ಮರಿ ಆ ಟ್ರೇ ನೋಡಿ ಬಹಳ ಸಂತೋಷಪಟ್ಟಿತು. ಮರಳಿನ ಮೇಲೆ ಸುತ್ತಿ ಸುತ್ತಿ ಜಾಗ ಮಾಡಿಕೊಂಡು ಮಲಗಿತು. ನಿದ್ದೆ ಮುಗಿದ ಮೇಲೆ ಎದ್ದು, ಮೈ ಮುರಿದು, ಟ್ರೇಯಿಂದ ಇಳಿದು ಬಂದು ನಮ್ಮ ಯಜಮಾನರ ಮಡಿಸಿಟ್ಟ ಪಂಚೆಯ ಮೇಲೆ ಕೂತಿತು. ಮಾರನೆಯ ದಿನ ಅವರ ಹಾಸಿಗೆ. ಆಮೇಲೆ ಅಕ್ಕಿ ಆರಿಸುವ ಮೊರ. ಒಂದು ದಿನ ನಾನು ಸುರುಳಿ ಸುತ್ತಿಟ್ಟಿದ್ದ ಚಾರ್ಟನ್ನು ಬಿಡಿಸಿ ಅದರಲ್ಲಿದ್ದ ಕಕ್ಕಸಿನ ಚಿತ್ರದ ಮೇಲೆಯೇ ಕೂತಿತ್ತು. ಇಡೀ ತಾಲ್ಲೂಕಿನಲ್ಲಿ ನನ್ನ ಚಾರ್ಟಿನ ಸೂಚನೆಯನ್ನು ಅಷ್ಟು ಚಾಚೂ ತಪ್ಪದೆ ಪಾಲಿಸಿದವರು ಇನ್ನೊಬ್ಬರಿಲ್ಲ. ನಾನು ಅದನ್ನು ಕತ್ತು ಹಿಡಿದು ಟ್ರೇಗೆ ತಂದು ಕೂರಿಸುತ್ತಿದ್ದೆ, ಅದು ಕಣ್ಣು ಮುಚ್ಚಿ ನಿದ್ದೆಹೋಗುತ್ತಿತ್ತು.

"ಅತ್ತೇ, ಇದು ಹೊರಗೇ ಹೋಗುತ್ತಲ್ಲ, ಏನ್ಮಾಡೋದು?" ಎಂದು ಅಳುಮುಖದಿಂದ ಕೇಳಿದೆ. ನಾನು ಹೇಳಿದ್ದು ಟ್ರೇಯ ಹೊರಗೆ ಎಂದು.

ಅತ್ತೆ ವಿಭೂತಿ ಹಚ್ಚಿಕೊಳ್ಳುತ್ತ, "ಹೊರಗೆ ಹೋದ್ರೆ ಒಳ್ಳೇದೇ ಆಯ್ತಲ್ಲೇ. ಎಲ್ರೂ ಹೋಗೋದು ಹೊರಕ್ಕೇ. ನೀನೊಬ್ಳು ಅದುನ್ನ ಕಾಫಿ ತಟ್ಟೇಲಿ ಕೂರ್ಸಾಕೆ ಹೊಂಟಿದೀಯ" ಎಂದರು. ಮರಿ ಏಳು ಮನೆ ತಿರುಗುವ ಮೊದಲೇ ತಂದದ್ದರಿಂದ ಅದಕ್ಕೆ ಬುದ್ಧಿ ಬಲಿತಿಲ್ಲ ಎಂಬುದು ಅವರ ವಾದ. ಯಜಮಾನರು ಹೈಸ್ಕೂಲು ಮೇಷ್ಟ್ರು, ಅವರ ವಾದ ಚಿಕ್ಕದು. "ಇನ್ನೊಂದ್ಸಲ ನನ್ನ ಪಂಚೆ ಮೇಲೆ ಮಾಡ್ಲಿ, ಚೀಲಕ್ಕೆ ಹಾಕಿ ಸಖರಾಯಪಟ್ಟಣದ ಬಸ್ ಹತ್ತಿಸ್ತೀನಿ" ಎಂದರು. ಅತ್ತೆ ಅವತ್ತು ಮಗನಿಗೆ ಊಟಕ್ಕೆ ಬಡಿಸಲಿಲ್ಲ.

ಮನೆಯಲ್ಲಿ ಈ ಸ್ಥಿತಿ. ಅತ್ತ ಸಿಂಗಟಗೆರೆಯಲ್ಲಿ ಹಾಲಮ್ಮನವರದ್ದು ಇನ್ನೊಂದು ಸ್ಥಿತಿ. ಹಾಲಮ್ಮ ತೆಂಗಿನ ತೋಟವಿದ್ದ ಅನುಕೂಲಸ್ಥರು, ಊರ ಹೆಂಗಸರೆಲ್ಲ ಅವರ ಮಾತು ಕೇಳುವವರು. ನನ್ನ ಕಾಟ ತಡೆಯಲಾರದೆ ಕಕ್ಕಸು ಕಟ್ಟಿಸಿದ್ದರು. ಸುಣ್ಣ ಬಳಿದು, ಬಾಗಿಲಿಗೆ ನೀಲಿ ಬಣ್ಣ ಹೊಡೆಸಿ, ಒಳಗೆ ಸೂರಿನ ತನಕ ಬೆರಣಿ ಒಟ್ಟಿದ್ದರು. "ಮಳೇಲಿ ನೆನೀದಂಗೆ ಎಷ್ಟ್ ಚೆನ್ನಾಗವೆ ನೋಡಿ ಮೇಡಮ್ಮಾರೆ" ಎಂದು ನನಗೇ ತೋರಿಸಿ ಹೆಮ್ಮೆಪಟ್ಟರು. ನನಗೆ ನಗು ಬರಲಿಲ್ಲ, ಏಕೆಂದರೆ ಅವರ ಹಿಂದೆ ಸೊಸೆ ರತ್ನ ನಿಂತಿದ್ದಳು. ತುಂಬು ಬಸುರಿ. ಕಾಲು ಊದಿಕೊಂಡಿದ್ದವು. ಆ ಹುಡುಗಿ ಬೆಳಕು ಹರಿಯುವ ಮುಂಚೆ ಕೆರೆ ಏರಿ ದಾಟಿ, ಜಾಲಿ ಮುಳ್ಳಿನ ನಡುವೆ ಹೋಗಿಬರಬೇಕಿತ್ತು. ಹಿಂದಿನ ವಾರವಷ್ಟೇ ಏರಿಯ ಮೇಲೆ ಜಾರಿ ಬಿದ್ದಿದ್ದಳೆಂದು ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದ್ದರು. ಅವಳು ಆ ನೀಲಿ ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು. ಆ ನೋಟ ನನಗೆ ಚುಚ್ಚಿತು.

"ಹಾಲಮ್ಮನೋರೇ, ರತ್ನಂಗೋಸ್ಕರವಾದ್ರೂ ಬೆರಣಿ ತೆಗೆಸಿ" ಎಂದು ಬೇಡಿಕೊಂಡೆ.

"ನೀವೇನೋ ಹೇಳ್ತೀರ. ನಿಮ್ಮನೇಲಿ ನೀವು ಒಳಗೇ ಹೋಗ್ತೀರಾ?"

"ನಾವೆಲ್ಲ ಒಳಗೇ."

"ಹಂಗಾದ್ರೆ ಸಂತೆಗ್ ಬಂದಾಗ ನಿಮ್ಮನೀಗ್ ಬತ್ತೀನಿ. ಕಣ್ಣಾರೆ ನೋಡ್ತೀನಿ. ನಿಜ ಆದ್ರೆ ಅವತ್ತೇ ಬೆರಣಿ ತೆಗೆಸ್ತೀನಿ, ಸುಳ್ಳಾದ್ರೆ ನೀವು ಇನ್ನೊಂದ್ಸಲ ನನ್ ಮುಂದೆ ಈ ಮಾತೆತ್ತಬಾರ್ದು" ಎಂದರು ಹಾಲಮ್ಮ.

ನಾನು ಧೈರ್ಯವಾಗಿ ಒಪ್ಪಿಕೊಂಡೆ. ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಒಳ್ಳೆಯ ಕಕ್ಕಸಿತ್ತು, ಅವತ್ತಿನ ಮಟ್ಟಿಗೆ ನಾನು ಹೇಳಿದ್ದು ಸತ್ಯವೇ. ಆ ಖುಷಿಯಲ್ಲಿ ಅಲ್ಲಿಯೇ ಜಗುಲಿಯ ಮೇಲೆ ನನ್ನ ಎಂದಿನ ಭಾಷಣ ಶುರುಮಾಡಿದೆ. "ಕಕ್ಕಸು ಯಾವತ್ತೂ ಅಡುಗೆಮನೆಯಿಂದ ದೂರ ಇರಬೇಕು. ಉಣ್ಣುವ ಜಾಗದ ಪಕ್ಕದಲ್ಲಿ ಯಾರಾದರೂ..." ಎನ್ನುತ್ತಿದ್ದವಳು ಬಾಯಿ ತೆರೆದುಕೊಂಡು ನಿಂತುಬಿಟ್ಟೆ. ಹಾಲಿನ ಬಟ್ಟಲು. ಅದರ ಪಕ್ಕದಲ್ಲೇ ಗುಲಾಬಿ ಹೂವಿನ ಟ್ರೇ. ವರ್ಷಗಟ್ಟಲೆ ಇದೇ ವಾಕ್ಯವನ್ನು ಊರೂರಲ್ಲಿ ಒದರಿದ ನಾನು, ನಮ್ಮ ಮನೆಯ ಮರಿಗೆ ಉಣ್ಣುವ ಜಾಗದಲ್ಲೇ ಅದನ್ನೂ ಮಾಡು ಎಂದು ಕತ್ತು ಹಿಡಿದು ಕೂರಿಸುತ್ತಿದ್ದೆ. ಹೆಂಗಸರು "ಯಾಕವ್ವಾ, ನೀರ್ ಬೇಕಾ?" ಎಂದರು. ಬೇಕಾಗಿತ್ತು, ಆದರೆ ಕುಡಿಯಲು ಅಲ್ಲ, ಮುಖಕ್ಕೆ ತಳಿದುಕೊಳ್ಳಲು.

ಮನೆಗೆ ಬಂದವಳೇ ಟ್ರೇ ತೊಳೆದು, ಹೊಸ ಮರಳು ತುಂಬಿ, ಅಡುಗೆಮನೆಯಿಂದ ಅತ್ಯಂತ ದೂರವಾದ ಜಾಗದಲ್ಲಿಟ್ಟೆ. ನಮ್ಮ ಮನೆಯಲ್ಲಿ ಅತ್ಯಂತ ದೂರವಾದ ಜಾಗ ಎಂದರೆ ಕಕ್ಕಸು. ಮರಿ ಒಳಹೊಕ್ಕು ಮೂಸಿ ನೋಡಿತು, ಕೆದಕಿತು, ಕೂತಿತು, ಮುಚ್ಚಿತು. ಅತ್ತೆ ದೃಷ್ಟಿ ತೆಗೆದರು. ಯಜಮಾನರು ಚೀಲವನ್ನು ಮಡಿಸಿ ಅಟ್ಟಕ್ಕೆ ಎಸೆದರು.

ಕತೆ ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಯಜಮಾನರು ಎಂದಿನಂತೆ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡರು. ಮರಿ ಹೊರಗೆ ನಿಂತು ಬಾಗಿಲು ಕೆರೆಯಿತು, ಅತ್ತಿತು, ಕೊನೆಗೆ ಅವಮಾನಿತವಾಗಿ ಒಳಗೆ ಬಂದು ಅವರ ಹೊಸ ಪಂಚೆಯ ಮೇಲೆ ಕೂತಿತು. ಇನ್ನೊಬ್ಬರು ಹೋಗಿಬಂದ ದಿನ ಅದು ಆ ಜಾಗವನ್ನು ಮುಟ್ಟುತ್ತಲೇ ಇರಲಿಲ್ಲ. ಅದಕ್ಕೆ ಫಿನಾಯಿಲ್ ವಾಸನೆಯೂ ಆಗದು. "ಪಾಪದ್ದು, ಅಭ್ಯಾಸ ಆಗೋಗಂಟ ನಾವೇ ಸ್ವಲ್ಪ ಅನುಸರಿಸ್ಕಂಡ್ರಾಯ್ತು" ಎಂದು ಅತ್ತೆ ತೀರ್ಪು ಕೊಟ್ಟು ಮೊದಲಿಗರಾಗಿ ಚೆಂಬು ಹಿಡಿದು ರೈಲು ಹಳಿಯ ಕಡೆ ಹೊರಟರು. ಅವರಿಗೆ ಅದು ಹಳೆಯ ಸುಖ, ದಾರಿಯಲ್ಲಿ ನಾಲ್ಕು ಜನ ಸಿಗುತ್ತಾರೆ. ಯಜಮಾನರು ಪಂಚೆಯ ಮೇಲಿನ ಮಮತೆಯಿಂದ ಹಿಂಬಾಲಿಸಿದರು. ನಾನು ಎರಡು ದಿನ ತತ್ವಕ್ಕೆ ಅಂಟಿಕೊಂಡೆ. ಆ ಎರಡು ದಿನವೂ ಮರಿ ನನ್ನ ದಿಂಬನ್ನು ಆರಿಸಿಕೊಂಡಿತು. ಮೂರನೆಯ ದಿನ, ಸೆರಗು ತಲೆಯ ಮೇಲೆ ಎಳೆದುಕೊಂಡು, ಗುರುತಿನವರು ಯಾರೂ ಸಿಗದಿರಲಿ ದೇವರೇ ಎಂದುಕೊಂಡು ನಾನೂ ಹೊರಟೆ. ನಾಚಿಕೆಯಿಂದ ಕಾಲು ಮುಂದೆ ಹೋಗುತ್ತಿರಲಿಲ್ಲ, ಆದರೆ ಅದು ನಿಲ್ಲಿಸಿಕೊಂಡು ಕೂರುವ ವಿಷಯವೂ ಅಲ್ಲ.

ಸಂತೆಯ ದಿನ ಬಂತು. ನನ್ನ ಹಂಚಿಕೆ ಸಿದ್ಧವಿತ್ತು. ಹಾಲಮ್ಮ ಬರುವುದು ಬಸ್ಸಿಗೆ. ಅಷ್ಟರಲ್ಲಿ ಟ್ರೇ ಅಡಗಿಸಿ, ಕಕ್ಕಸು ತೊಳೆದು, ಬಕೆಟ್ಟು, ಸೋಪು ಇಟ್ಟು, ಮನೆಮಂದಿಯೆಲ್ಲ ದಿನಾ ಬಳಸುವಂತೆ ಕಾಣಿಸಿದರಾಯಿತು. ಆದರೆ ಹಾಲಮ್ಮ ಬಸ್ಸಿಗೆ ಕಾಯದೆ, ಮಂಡಿಗೆ ಹೊರಟಿದ್ದ ತಮ್ಮದೇ ಕೊಬ್ಬರಿ ಲಾರಿ ಹತ್ತಿ ಬೆಳಗಾಗುತ್ತಲೇ ಬಂದಿಳಿದಿದ್ದರು. ಹಳಿಯ ಕಡೆಯಿಂದ ನಾನು ಬರುತ್ತಿದ್ದೇನೆ, ಎದುರಿಗೆ ಅವರು. ನನ್ನ ಕೈಯಲ್ಲಿ ಚೆಂಬು.

ಚೆಂಬು ಹಿಡಿದವರು ಎದುರಾದರೆ ಕಂಡರೂ ಕಾಣದಂತೆ ಹೋಗುವುದು ನಮ್ಮ ಕಡೆಯ ಮರ್ಯಾದೆ. ಹಾಲಮ್ಮ ಆ ಮರ್ಯಾದೆಯನ್ನು ಬಿಡಲಿಲ್ಲ. ಮುಖ ತಿರುಗಿಸಿ, ಆಕಾಶದಲ್ಲಿ ಏನೋ ಬಹಳ ಮುಖ್ಯವಾದದ್ದಿದೆ ಎಂಬಂತೆ ನೋಡುತ್ತ ದಾಟಿ ಹೋದರು. ಅವರು ಬೈದಿದ್ದರೂ ನಾನು ಅಷ್ಟು ಕುಗ್ಗುತ್ತಿರಲಿಲ್ಲ. ನನಗೆ ಕಣ್ಣ ಮುಂದೆ ಬಂದದ್ದು ರತ್ನಳ ಊದಿದ ಕಾಲು. ನನ್ನದೊಂದು ದಿಂಬಿನ ಆಸೆಗೆ ಆ ಹುಡುಗಿಯ ಬಾಗಿಲನ್ನು ನಾನೇ ಮುಚ್ಚಿಬಿಟ್ಟೆ ಎನಿಸಿತು.

ಮತ್ತೆ ಎದುರಾಗದಿರಲೆಂದು ಸುತ್ತು ದಾರಿ ಹಿಡಿದು ನಾನು ಮನೆ ಸೇರುವಷ್ಟರಲ್ಲಿ ಹಾಲಮ್ಮ ಆಗಲೇ ಜಗುಲಿಯ ಮೇಲೆ ಕೂತು ಅತ್ತೆಯ ಜೊತೆ ಕಾಫಿ ಕುಡಿಯುತ್ತಿದ್ದರು. ನಾನು ಚೆಂಬನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಹಿಡಿದು ನಿಂತೆ. "ಬನ್ನಿ, ನೋಡೀರಂತೆ" ಎಂದು ಅತ್ತೆಯೇ ಎದ್ದು ಸಂಭ್ರಮದಿಂದ ಕಕ್ಕಸಿನ ಬಾಗಿಲು ಸರಿಸಿದರು. ಒಳಗೆ ಗುಲಾಬಿ ಟ್ರೇಯಲ್ಲಿ ಮರಿ ಕೂತಿತ್ತು. ಗಂಭೀರವಾಗಿ ನಮ್ಮನ್ನು ನೋಡಿ, ಸ್ವಲ್ಪ ಮರ್ಯಾದೆ ಕೊಡಿ ಎಂಬಂತೆ ಮುಖ ತಿರುಗಿಸಿತು.

"ಇದೊಂದೇ ಕಣ್ರೀ ನಮ್ಮನೇಲಿ ಒಳಗೆ ಹೋಗೋದು. ನಾವೆಲ್ಲ ಹೊರಕ್ಕೇ. ಮರಿ ಅಲ್ವಾ, ಹೊರಗೆ ಬಿಟ್ರೆ ನಾಯಿ ಗೀಯಿ ಅಂತ ಭಯ" ಎಂದರು ಅತ್ತೆ.

ಹಾಲಮ್ಮ ನಗಲು ಶುರುಮಾಡಿದರು. ಹಿತ್ತಲ ಚಪ್ಪಡಿಯ ಮೇಲೆ ಕುಸಿದು ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಮರಿಯನ್ನು ನೋಡಿ ಮತ್ತೆ ನಕ್ಕರು. ಭೂಮಿ ಬಾಯಿಬಿಡಬಾರದೇ ಎಂದು ನಾನು ಕಾಯುತ್ತಿದ್ದೆ. ಕಡೂರಿನ ಭೂಮಿ ಗಟ್ಟಿ.

ನಗು ನಿಂತ ಮೇಲೆ ಹಾಲಮ್ಮ ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು: "ಒಂದು ಬೆಕ್ಕಿನ ಮರೀಗೋಸ್ಕರ ಮೂರು ಜನ ಚೆಂಬು ಹಿಡ್ಕಂಡು ಹೋಗ್ತೀರಿ ನೀವು. ನಮ್ಮನೀಗೂ ಒಂದು ಮರಿ ಬತ್ತಾ ಐತೆ ಕಣಮ್ಮ. ಅದುನ್ನ ಹೊತ್ಕಂಡು ನನ್ ಸೊಸೆ ಏರಿ ಮ್ಯಾಲೆ ಜಾರಿ ಬೀಳ್ತಾಳೆ, ನಾನು ಬೆರಣಿ ಕಾಯ್ತಾ ಕುಂತಿವ್ನಿ. ನಾನು ಹೊರಗೇ ಹೋಯ್ತೀನಿ, ಅದು ಬ್ಯಾರೆ. ಅವ್ಳು ಒಳಗ್ ಹೋಗ್ಲಿ."

ಆ ಸಂಜೆಯೇ ಹಾಲಮ್ಮನವರ ಬೆರಣಿ ದನದ ಕೊಟ್ಟಿಗೆಗೆ ಹೋಯಿತು. ನಾನು ಮುಂದಿನ ಸಲ ಸಿಂಗಟಗೆರೆಗೆ ಹೋದಾಗ ನೀಲಿ ಬಾಗಿಲು ಒಳಗಿನಿಂದ ಹಾಕಿತ್ತು. ಅದು ತೆರೆದು ರತ್ನ ಆಚೆ ಬಂದು ನನ್ನನ್ನು ನೋಡಿ ನಕ್ಕಳು. ನನಗೆ ಅಳು ಬಂತು. ಆಫೀಸಿನಲ್ಲಿ ಮೇಲಿನವರು ನನ್ನ ಭಾಷಣದ ಶಕ್ತಿಯನ್ನು ಎಲ್ಲರೆದುರು ಹೊಗಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಅದನ್ನು ಅವರು ವಿನಯ ಎಂದುಕೊಂಡರು.

ಮಾರನೆಯ ಬೆಳಿಗ್ಗೆ, ಇಷ್ಟು ಹೊಗಳಿಸಿಕೊಂಡ ಮೇಲಾದರೂ ಸರಿಯಾಗಿ ನಡೆದುಕೊಳ್ಳಬೇಕೆಂದು ನಿಶ್ಚಯಿಸಿ ನೇರವಾಗಿ ಹಿತ್ತಲಿಗೆ ಹೋಗಿ ಕಕ್ಕಸಿನ ಬಾಗಿಲು ತಳ್ಳಿದೆ. ಒಳಗಿನಿಂದ "ಮಿಯಾಂವ್" ಎಂದಿತು. "ಬಿಡು, ಬಿಡು" ಎಂದು ಬಾಗಿಲು ಎಳೆದುಕೊಂಡು ಚೆಂಬು ಹುಡುಕಲು ಹೋದೆ.